ಆರು ತಿಂಗಳು ಬಿಟ್ಟು ಬನ್ನಿ ಅಂದರು

ಕಿಡ್ನಿ ಹರಳಿನ ನೋವಿಗೆ ಅಂತ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ನನ್ನ ಶ್ವಾಸಕೋಶದ ಗಂಟು ಕಂಡಿತು. ಅದಕ್ಕೆ ಮುಂಚೆ ನನಗೆ ಕೆಮ್ಮು ಇರಲಿಲ್ಲ, ಕಫ ಇರಲಿಲ್ಲ. ಶಾಲೆಯ ಮೆಟ್ಟಿಲು ಹತ್ತಿದರೆ ಏದುಸಿರೂ ಬರುತ್ತಿರಲಿಲ್ಲ. ಆಲೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆ ಹಾಸನದಲ್ಲಿ. ನಮ್ಮ ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಯಾರೂ ಇಲ್ಲ. ಶ್ವಾಸಕೋಶದ ಬಗ್ಗೆ ಯೋಚನೆ ಮಾಡುವ ಪ್ರಸಂಗವೇ ಬಂದಿರಲಿಲ್ಲ.

2023ರ ಜುಲೈ ಕೊನೆ. ಜಡಿಮಳೆ ಹಿಡಿದಿತ್ತು. ಬೆಳಗಿನ ಜಾವ ಎಡ ಸೊಂಟದಿಂದ ತೊಡೆಸಂದಿಯವರೆಗೆ ನೋವು ಶುರುವಾಯಿತು. ಎರಡು ಹೆರಿಗೆ ಆದವಳು ನಾನು, ಆದರೂ ಅಂಥ ನೋವು ಕಂಡಿರಲಿಲ್ಲ. ನಮ್ಮವರು ಆಟೋ ಹಿಡಿದು ಊರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಂಜೆಕ್ಷನ್ ಕೊಟ್ಟು ಹೊಟ್ಟೆಯ ಸಿಟಿ, ಅಂದರೆ ಒಳಗನ್ನು ಪದರ ಪದರವಾಗಿ ಚಿತ್ರ ತೆಗೆಯುವ ಸ್ಕ್ಯಾನ್, ಮಾಡಿಸಿದರು. ಮೂತ್ರನಾಳದಲ್ಲಿ 5 ಮಿ.ಮೀ. ಹರಳು ಸಿಕ್ಕಿಕೊಂಡಿತ್ತು. ನೀರು ಜಾಸ್ತಿ ಕುಡಿಯಿರಿ, ಮಾತ್ರೆ ತಗೊಳ್ಳಿ, ತಾನಾಗಿಯೇ ಹೋಗುತ್ತೆ ಅಂತ ಹೇಳಿ ಮರುದಿನ ಮನೆಗೆ ಕಳಿಸಿದರು. ಹಾಗೆಯೇ ಹೋಯಿತು ಕೂಡ.

ಮನೆಗೆ ಬಂದ ಮೇಲೆ ರಿಪೋರ್ಟ್ ತೆಗೆದು ಓದಿದೆ. ಕಿಡ್ನಿ, ಪಿತ್ತಕೋಶ, ಲಿವರ್ ಎಲ್ಲಾ ಮುಗಿದ ಮೇಲೆ ಕೊನೆಯಲ್ಲಿ ಒಂದು ಸಾಲು ಇತ್ತು. ಬಲ ಶ್ವಾಸಕೋಶದ ಕೆಳಭಾಗದಲ್ಲಿ 9 ಮಿ.ಮೀ. ನಾಡ್ಯೂಲ್ (ಗಂಟು) ಇದೆ, ಎದೆಯ ಸಿಟಿ ಮಾಡಿಸಿ ನೋಡಬೇಕು ಅಂತ. ಹೊಟ್ಟೆಯ ಸಿಟಿ ತೆಗೆಯುವಾಗ ಶ್ವಾಸಕೋಶದ ಕೆಳತುದಿಯೂ ಸ್ವಲ್ಪ ಸೇರಿಕೊಳ್ಳುತ್ತದೆ. ಅಲ್ಲಿ ಕಂಡದ್ದನ್ನು ಬರೆದಿದ್ದರು. ಡಿಸ್ಚಾರ್ಜ್ ಮಾಡಿದ ಡಾಕ್ಟರು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲೂ ಬರೆದಿರಲಿಲ್ಲ. ಹರಳಿನ ರಿಪೋರ್ಟಿನಲ್ಲಿ ಹರಳನ್ನು ಮಾತ್ರ ನೋಡಿ ಮಡಚಿಟ್ಟಿದ್ದರು ಅನ್ನಿಸುತ್ತೆ. ಇವತ್ತಿಗೂ ನನಗೆ ಅದು ಸಿಟ್ಟು ತರಿಸುವ ವಿಷಯ. ನಾನು ಓದುಬರಹ ಬಲ್ಲವಳು, ಕೊನೆಯ ಸಾಲಿನವರೆಗೂ ಓದಿದೆ. ಓದಲು ಬಾರದ ಒಬ್ಬ ಅಜ್ಜಿ ಆಗಿದ್ದರೆ ಆ ಕಾಗದ ಬೀರುವಿನಲ್ಲೇ ಉಳಿಯುತ್ತಿತ್ತು, ಅಲ್ವಾ?

ಆ ರಾತ್ರಿ ನಿದ್ದೆ ಬರಲಿಲ್ಲ. ಫೋನಿನಲ್ಲಿ ಹುಡುಕಿದೆ. ಮೊದಲು ಕಂಡ ಪುಟಗಳೆಲ್ಲ ಕ್ಯಾನ್ಸರ್ ಅಂದವು. 5 ಮಿ.ಮೀ. ಹರಳು ನನ್ನನ್ನು ನೆಲದ ಮೇಲೆ ಹೊರಳಾಡಿಸಿತ್ತು. ಅದಕ್ಕಿಂತ ದೊಡ್ಡದೊಂದು ಎದೆಯೊಳಗೆ ಸದ್ದಿಲ್ಲದೆ ಕೂತಿದೆ ಅನ್ನುವುದೇ ಹೆಚ್ಚು ಭಯ ತಂದಿತು. ನೋವು ಬಂದಿದ್ದರೆ ಏನೋ ಆಗಿದೆ ಅಂತ ಗೊತ್ತಾಗುತ್ತಿತ್ತಲ್ಲ ಅನ್ನಿಸುತ್ತಿತ್ತು. ಆಮೇಲೆ ಎದೆರೋಗದ ಡಾಕ್ಟರು ಇದಕ್ಕೆ ಉತ್ತರ ಹೇಳಿದರು. ಶ್ವಾಸಕೋಶದ ಒಳಭಾಗಕ್ಕೆ ನೋವು ತಿಳಿಸುವ ನರಗಳಿಲ್ಲವಂತೆ. ಅದರ ಹೊರಗೆ ಪಕ್ಕೆಲುಬಿಗೆ ತಾಗಿದ ಪೊರೆಗೆ ಮಾತ್ರ ನೋವು ಗೊತ್ತಾಗುತ್ತದೆ. ಹಾಗಾಗಿ ಇಂಥ ಗಂಟುಗಳೆಲ್ಲ ಸಿಗುವುದು ಹೀಗೇ, ಬೇರೆ ಏನನ್ನೋ ಹುಡುಕುವಾಗ.

ಬೆಳಿಗ್ಗೆ ನಮ್ಮವರಿಗೆ ಹೇಳಿದೆ. ಅವರು ರಿಪೋರ್ಟನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದರು. "ಅಮ್ಮನಿಗೆ ಈಗಲೇ ಹೇಳೋದು ಬೇಡ. ಎದೆ ಸ್ಕ್ಯಾನ್ ಮಾಡಿಸೋಣ, ಆಮೇಲೆ ನೋಡೋಣ ನಡಿ" ಅಂದರು. ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿದೆವು. ಅವಳು ಅಲ್ಲಿಗೇ ಬಂದುಬಿಡಿ ಅಂದಳು. ನಾನು ಮೊದಲು ಇಲ್ಲೇ ತೋರಿಸುತ್ತೇನೆ ಅಂದೆ.

ಎದೆಯ ಸಿಟಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಣ್ಣದ ಇಂಜೆಕ್ಷನ್ ಕೂಡ ಹಾಕಲಿಲ್ಲ. ಮಲಗಿಸಿ, "ಉಸಿರು ಪೂರ್ತಿ ಎಳ್ಕೊಳ್ಳಿ, ಹಿಡ್ಕೊಳ್ಳಿ" ಅಂದರು. ಯಂತ್ರ ಒಂದು ಸಲ ಒಳಗೆ ಹೊರಗೆ ಹೋಯಿತು. ಅಷ್ಟೇ. ರಿಪೋರ್ಟಿನಲ್ಲಿ ಈ ಸಲ 7 ಮಿ.ಮೀ. ಅಂತ ಬಂತು. ಒಂದು ವಾರದಲ್ಲಿ 9 ಇದ್ದದ್ದು 7 ಆಯಿತಾ? ಇಲ್ಲ. ಹೊಟ್ಟೆಯ ಸಿಟಿಯಲ್ಲಿ ಚಿತ್ರದ ಪದರಗಳು 5 ಮಿ.ಮೀ. ದಪ್ಪ ಇದ್ದವು, ಉಸಿರೂ ಪೂರ್ತಿ ಎಳೆದುಕೊಂಡಿರಲಿಲ್ಲ. ಎದೆಯ ಸಿಟಿಯಲ್ಲಿ 1 ಮಿ.ಮೀ. ಪದರ. ಹಾಗಾಗಿ 7 ಅನ್ನುವುದೇ ಸರಿಯಾದ ಅಳತೆ. ಇದು ಗೊತ್ತಿಲ್ಲದಿದ್ದರೆ ಕಡಿಮೆಯಾಗಿದೆ ಅಂತ ಸುಮ್ನೆ ಖುಷಿಪಡಬಹುದು. ಉಲ್ಟಾ ಆಗಿದ್ದರೆ ಬೆಳೆದಿದೆ ಅಂತ ಎದೆ ಒಡೆದುಕೊಳ್ಳಬಹುದು.

ಮೊದಲು ತೋರಿಸಿದ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಟಿಬಿ ಇರಬಹುದು, ಆರು ತಿಂಗಳು ಟಿಬಿ ಮಾತ್ರೆ ಶುರು ಮಾಡೋಣ. ಕರಗಿದರೆ ಟಿಬಿ ಅಂತ ಲೆಕ್ಕ" ಅಂದರು. ಕಫ ಪರೀಕ್ಷೆ ಬೇಡವಾ ಅಂತ ಕೇಳಿದೆ. ಕಫವೇ ಇಲ್ಲವಲ್ಲ, ಏನು ಪರೀಕ್ಷೆ ಮಾಡುವುದು ಅಂದರು. ನನಗೆ ಅದು ಒಪ್ಪಿಗೆ ಆಗಲಿಲ್ಲ. ಟಿಬಿ ಮಾತ್ರೆಗಳು ಸಾಧಾರಣ ಮಾತ್ರೆಗಳಲ್ಲ. ಕೆಲವರಿಗೆ ಲಿವರ್‌ಗೆ ಪೆಟ್ಟು ಕೊಡುತ್ತವೆ. ರೋಗ ಇದ್ದರೆ ತೆಗೆದುಕೊಳ್ಳಲೇಬೇಕು, ಅರ್ಧಕ್ಕೆ ಬಿಡಲೂಬಾರದು. ಆದರೆ ರೋಗ ಇದೆಯೋ ಇಲ್ಲವೋ ಗೊತ್ತಾಗಲಿ ಅಂತ ಆರು ತಿಂಗಳು ನುಂಗುವುದು ಯಾವ ನ್ಯಾಯ? ಚೀಟಿ ಬರೆಸಿಕೊಂಡು ಬಂದೆ, ಮಾತ್ರೆ ತರಲಿಲ್ಲ.

ಸಹೋದ್ಯೋಗಿಯೊಬ್ಬರು ಬೇರೊಬ್ಬ ಎದೆರೋಗ ತಜ್ಞರ ವಿಷಯ ಹೇಳಿದರು. ಸಂಜೆ ಹೊತ್ತು ಹೋದೆವು. ಹೊರಗೆ ಕೆಮ್ಮುವವರ ಸಾಲು ದೊಡ್ಡದಿತ್ತು. ಆದರೂ ಅವರು ಆತುರ ಪಡಲಿಲ್ಲ. ಫಿಲ್ಮು ಪಕ್ಕಕ್ಕಿಟ್ಟು ಸಿಡಿ ಕೇಳಿದರು. ಕಂಪ್ಯೂಟರಿಗೆ ಹಾಕಿ, ಕುರ್ಚಿ ತಿರುಗಿಸಿ ನಮಗೂ ಕಾಣುವ ಹಾಗೆ ಇಟ್ಟರು. ಕಪ್ಪು ಶ್ವಾಸಕೋಶದಲ್ಲಿ ಬಿಳಿ ರಕ್ತನಾಳಗಳು ಕವಲೊಡೆದು ಹೋಗುತ್ತಿದ್ದವು. ಅವರು ಚಿತ್ರವನ್ನು ಒಂದೊಂದೇ ಪದರ ಕೆಳಗೆ ಸರಿಸಿದರು. ರಕ್ತನಾಳ ಆದರೆ ಮುಂದಿನ ಪದರದಲ್ಲೂ ಮುಂದುವರಿಯುತ್ತೆ, ಗಂಟು ಆದರೆ ಕೆಲವೇ ಪದರದಲ್ಲಿ ಕಂಡು ಮಾಯ ಆಗುತ್ತೆ ಅಂದರು. ನಿಜ, ಒಂದು ಬಿಳಿ ಚುಕ್ಕೆ ಬಂತು, ದಪ್ಪವಾಯಿತು, ಹೋಯಿತು. ಕರಿಮೆಣಸಿನ ಕಾಳಿಗಿಂತ ಒಂಚೂರು ದಪ್ಪ. ಇಷ್ಟು ದಿನ ನಿದ್ದೆ ಕೆಡಿಸಿದ್ದನ್ನು ಕಣ್ಣಾರೆ ನೋಡಿದಾಗ ಮನಸ್ಸಿಗೆ ಏನೋ ಒಂದು ಹಿಡಿತ ಸಿಕ್ಕಿತು.

ಆಮೇಲೆ ಪ್ರಶ್ನೆಗಳು. ಸಿಗರೇಟು? ಇಲ್ಲ. ಮನೆಯಲ್ಲಿ ಸೇದುವವರು? ಇಲ್ಲ. ತಂದೆ, ತಾಯಿ, ಒಡಹುಟ್ಟಿದವರಿಗೆ ಶ್ವಾಸಕೋಶದ ಕ್ಯಾನ್ಸರ್? ಇಲ್ಲ. ನನಗೆ ಹಿಂದೆ ಯಾವುದಾದರೂ ಕ್ಯಾನ್ಸರ್? ಇಲ್ಲ. ತೂಕ ಇಳಿದಿದೆಯಾ? ಇಲ್ಲ. ಕಲ್ಲು ಕ್ವಾರಿ, ಕಾರ್ಖಾನೆಯ ದೂಳು? ಇಲ್ಲ. ಸೌದೆ ಒಲೆ? ಅದು ಇತ್ತು. ಮದುವೆಯಾಗಿ ಹೋದ ಹಳ್ಳಿ ಮನೆಯಲ್ಲಿ ಮೊದಲ ಕೆಲವು ವರ್ಷ ಅಡುಗೆಯೆಲ್ಲ ಸೌದೆಯಲ್ಲೇ. ಹಾಸನಕ್ಕೆ ಬಂದ ಮೇಲೂ ಬಚ್ಚಲ ಹಂಡೆಗೆ ಒಲೆ ಉರಿಸುತ್ತಿದ್ದೆವು. ಟಿಬಿ? ನಾನು ಹೊಸ ಸೊಸೆಯಾಗಿದ್ದಾಗ ನಮ್ಮ ಮಾವನವರಿಗೆ ಆಗಿತ್ತು. ಒಂದೇ ಮನೆಯಲ್ಲಿ ಇದ್ದೆವು. ಡಾಕ್ಟರು ಅದನ್ನು ಬರೆದುಕೊಂಡರು.

ನಮ್ಮ ದೇಶದಲ್ಲಿ ಇಂಥ ಗಂಟುಗಳಿಗೆ ಹಳೆಯ ಟಿಬಿಯ ಗಾಯ ಒಂದು ದೊಡ್ಡ ಕಾರಣವಂತೆ. ಟಿಬಿ ಕ್ರಿಮಿ ಒಳಗೆ ಹೋಗುತ್ತದೆ, ದೇಹ ಅದರ ಸುತ್ತ ಗೋಡೆ ಕಟ್ಟಿ ಮುಚ್ಚಿಹಾಕುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಉಳಿಯುವುದು ಒಂದು ಗಂಟು. ಅದರಲ್ಲಿ ಸುಣ್ಣದ ಅಂಶ ಪೂರ್ತಿ ತುಂಬಿಕೊಂಡಿದ್ದರೆ ಸ್ಕ್ಯಾನಿನಲ್ಲಿ ಅಚ್ಚ ಬಿಳಿಯಾಗಿ ಕಂಡು, ಹೆದರಬೇಕಾಗಿಲ್ಲ ಅಂತ ಅವತ್ತೇ ಹೇಳಬಹುದು. ನನ್ನದರಲ್ಲಿ ಸುಣ್ಣ ಇರಲಿಲ್ಲ. ಅಂಚು ನಯವಾಗಿತ್ತು, ಮುಳ್ಳು ಮುಳ್ಳಾಗಿರಲಿಲ್ಲ. ಅದು ಒಳ್ಳೆಯ ಲಕ್ಷಣ. ಶ್ವಾಸಕೋಶದ ಮೇಲ್ಭಾಗದಲ್ಲಿ ಇರಲಿಲ್ಲ, ಅದೂ ಒಳ್ಳೆಯದೇ. ಆದರೆ ಇವೆಲ್ಲ ಸೇರಿದರೂ ಖಂಡಿತ ಅಂತ ಹೇಳಲು ಸಾಲದು. ಸಿಗರೇಟು ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಹಾಗೆ ನೇರವಾಗಿ ಹೇಳಿದ್ದಕ್ಕೇ ಅವರ ಮೇಲೆ ನಂಬಿಕೆ ಬಂತು.

"ಸರಿ ಮೇಡಂ, ಆರು ತಿಂಗಳು ಬಿಟ್ಟು ಬನ್ನಿ. ಇನ್ನೊಂದು ಸಿಟಿ ಮಾಡೋಣ" ಅಂದರು.

ನನಗೆ ಮೈ ಉರಿಯಿತು. ಇಷ್ಟೆಲ್ಲ ನೋಡಿ, ಕ್ಯಾನ್ಸರ್ ಅಲ್ಲ ಅಂತ ಹೇಳಲಾಗದು ಅಂದ ಮೇಲೆ, ಮನೆಗೆ ಹೋಗಿ ಕೂತಿರಿ ಅಂದರೆ? "ಅಷ್ಟರೊಳಗೆ ಬೆಳೆದುಬಿಟ್ಟರೆ ಡಾಕ್ಟರೇ?" ಅಂತ ಕೇಳಿದೆ. ದನಿ ಏರಿತ್ತು.

"ಬೆಳೆಯುತ್ತಾ ಅಂತ ನೋಡೋಕೇ ಆ ಆರು ತಿಂಗಳು" ಅಂದರು.

ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿ ಮಾಡಬಾರದೇ ಅಂತ ನಮ್ಮವರು ಕೇಳಿದರು. ಅದಕ್ಕೂ ಉತ್ತರ ಇತ್ತು. ಗಂಟು ಇರುವುದು ಎದೆ ಹೊಟ್ಟೆ ನಡುವಿನ ಪೊರೆ, ಅಂದರೆ ವಪೆಯ ಹತ್ತಿರ, ಉಸಿರಾಡಿದಂತೆಲ್ಲ ಮೇಲೆ ಕೆಳಗೆ ಹೋಗುವ ಜಾಗ. 7 ಮಿ.ಮೀ.ಗೆ ಗುರಿಯಿಟ್ಟು ಸೂಜಿ ಹಾಕುವುದು ಕಷ್ಟ. ಸೂಜಿ ಚುಚ್ಚಿದಾಗ ಶ್ವಾಸಕೋಶದಿಂದ ಗಾಳಿ ಸೋರಿ ಎದೆಯಲ್ಲಿ ತುಂಬಿಕೊಳ್ಳುವುದು ನೂರರಲ್ಲಿ ಸುಮಾರು 15 ಜನರಿಗೆ ಆಗುತ್ತದೆ. ಅದರಲ್ಲಿ ಕೆಲವರಿಗೆ ಎದೆಗೆ ಟ್ಯೂಬ್ ಹಾಕಬೇಕಾಗುತ್ತದೆ. ಇಷ್ಟಾಗಿ ಚೂರು ಸರಿಯಾದ ಕಡೆಯಿಂದ ಬಂದಿಲ್ಲ ಅಂದರೆ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೇವೆ. ಪೆಟ್ ಸ್ಕ್ಯಾನ್, ಅಂದರೆ ಕ್ಯಾನ್ಸರ್ ಇರುವ ಜಾಗ ಹೊಳೆಯುವ ಹಾಗೆ ತೋರಿಸುವ ಸ್ಕ್ಯಾನ್? ಅದು 8 ಮಿ.ಮೀ.ಗಿಂತ ಚಿಕ್ಕ ಗಂಟಿಗೆ ನೆಚ್ಚಿಕೊಳ್ಳುವಂಥದ್ದಲ್ಲ. ಟಿಬಿ ಗಂಟೂ ಅದರಲ್ಲಿ ಹೊಳೆಯುತ್ತದೆ. ಹಾಗಾಗಿ ನಮ್ಮಂಥ ಕಡೆ ಅದು ಗೊಂದಲವನ್ನೇ ಜಾಸ್ತಿ ಮಾಡುವ ಸಂಭವ ಇದೆ.

ಮಗಳ ಸಮಾಧಾನಕ್ಕೆ ಬೆಂಗಳೂರಿನಲ್ಲೂ ಒಬ್ಬರಿಗೆ ತೋರಿಸಿದೆವು. ಅವರೂ ಇದನ್ನೇ ಹೇಳಿದರು. ಫ್ಲೈಷ್ನರ್ ಸೊಸೈಟಿ ಅಂತ ಎದೆಯ ಚಿತ್ರಗಳನ್ನು ಓದುವ ತಜ್ಞರ ಒಂದು ಸಂಘ ಇದೆ. ಅವರು 2017ರಲ್ಲಿ ಪರಿಷ್ಕರಿಸಿದ ಸೂಚನೆಗಳನ್ನು ಹಲವು ಕಡೆ ಅನುಸರಿಸುತ್ತಾರಂತೆ. ಒಂದೇ ಗಟ್ಟಿ ಗಂಟು 6ರಿಂದ 8 ಮಿ.ಮೀ. ಇದ್ದರೆ 6ರಿಂದ 12 ತಿಂಗಳ ನಡುವೆ ಮತ್ತೆ ಸಿಟಿ, ಆಮೇಲೆ 18ರಿಂದ 24 ತಿಂಗಳಿಗೆ ಇನ್ನೊಂದು. 6ಕ್ಕಿಂತ ಚಿಕ್ಕದಿದ್ದು, ಬೇರೆ ಅಪಾಯದ ಕಾರಣಗಳೂ ಇಲ್ಲದಿದ್ದರೆ ಮತ್ತೆ ಸ್ಕ್ಯಾನೇ ಬೇಕಿಲ್ಲ. 8ಕ್ಕಿಂತ ದೊಡ್ಡದಾದರೆ ಮೂರು ತಿಂಗಳಿಗೇ ನೋಡುವುದು, ಪೆಟ್, ಬಯಾಪ್ಸಿ ಎಲ್ಲ ಬರುತ್ತವೆ. ಮೊದಲೇ ಕ್ಯಾನ್ಸರ್ ಆದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, 35 ವರ್ಷದ ಒಳಗಿನವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ನನ್ನ ಕಥೆ ಓದಿ ಯಾರೂ ತಮ್ಮ ಗಂಟಿಗೆ ತಾವೇ ದಿನ ಗೊತ್ತು ಮಾಡಬಾರದು.

ನಿಯಮ ಇದೆ ಅಂತ ಗೊತ್ತಾದರೂ ಮನಸ್ಸು ಒಪ್ಪಬೇಕಲ್ಲ. ಒಂದು ತಿಂಗಳಿಗೇ ಯಾಕೆ ನೋಡಬಾರದು ಅನ್ನುವ ಪ್ರಶ್ನೆ ಹೋಗಲೇ ಇಲ್ಲ. ದುಡ್ಡು ಕೊಡಲು ನಾವು ತಯಾರಿದ್ದೆವು. ಕೊನೆಗೆ ಒಂದು ಭಾನುವಾರ ಕಾಗದ ಪೆನ್ನು ಹಿಡಿದು ಕೂತೆ. ಲೆಕ್ಕ ನನಗೆ ಬರುವ ವಿದ್ಯೆ.

ಗಂಟು ಗೋಳದ ಆಕಾರ ಅಂದುಕೊಳ್ಳಿ. ಗೋಳದ ಗಾತ್ರ, ಅಂದರೆ ಘನಫಲ, ವ್ಯಾಸದ ಘನದ ಪ್ರಕಾರ ಬೆಳೆಯುತ್ತದೆ. 7ರ ಘನ 343. 9ರ ಘನ 729. ಅಂದರೆ ರಿಪೋರ್ಟಿನಲ್ಲಿ 7 ಇದ್ದದ್ದು 9 ಆದರೆ ಎರಡೇ ಮಿ.ಮೀ. ಅನ್ನಿಸುತ್ತದೆ, ಆದರೆ ಗಂಟು ಎರಡು ಪಟ್ಟಿಗಿಂತ ಜಾಸ್ತಿ ಆಗಿರುತ್ತದೆ. ಡಾಕ್ಟರು ಹೇಳಿದ ಇನ್ನೊಂದು ಮಾತು ನೆನಪಿತ್ತು. ಗಟ್ಟಿ ಗಂಟು ಕ್ಯಾನ್ಸರ್ ಆಗಿದ್ದರೆ ಅದರ ಗಾತ್ರ ಇಮ್ಮಡಿ ಆಗಲು ಸಾಮಾನ್ಯವಾಗಿ 100ರಿಂದ 400 ದಿನ ಬೇಕು. ಸೋಂಕಿನ ಗಂಟು ಇದಕ್ಕಿಂತ ಬೇಗ ಬೆಳೆಯುತ್ತದೆ ಅಥವಾ ಕರಗುತ್ತದೆ. ಹಳೆಯ ಗಾಯ ಬೆಳೆಯುವುದೇ ಇಲ್ಲ.

180 ದಿನಕ್ಕೆ ಇಮ್ಮಡಿ ಆಗುವ ಗಂಟು ಅಂತ ಇಟ್ಟುಕೊಂಡೆ. ಒಂದು ತಿಂಗಳಿಗೆ ನೋಡಿದರೆ 7 ಇದ್ದದ್ದು ಸುಮಾರು 7.3 ಆಗಿರುತ್ತದೆ. 2 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಅಳತೆಯ ಹೆಚ್ಚುಕಡಿಮೆ ಅಂತಲೇ ತೆಗೆದುಕೊಳ್ಳುತ್ತಾರೆ. ಉಸಿರು ಒಂದಿಷ್ಟು ಕಡಿಮೆ ಎಳೆದುಕೊಂಡರೂ ಅಳತೆ ಬದಲಾಗುತ್ತದೆ. ಅಂದರೆ ಒಂದು ತಿಂಗಳ ಸ್ಕ್ಯಾನು ಏನನ್ನೂ ಹೇಳುವುದಿಲ್ಲ. ಕ್ಯಾನ್ಸರ್ ಇದ್ದರೂ ಹೇಳುವುದಿಲ್ಲ, ಇಲ್ಲದಿದ್ದರೂ ಹೇಳುವುದಿಲ್ಲ. ಬದಲಾವಣೆ ಇಲ್ಲ ಅಂತ ಬರೆದುಕೊಡುತ್ತಾರೆ, ನಾನು ಸುಳ್ಳು ಧೈರ್ಯ ತಗೊಂಡು ಬರುತ್ತೇನೆ. ಆರು ತಿಂಗಳಿಗೆ ನೋಡಿದರೆ ಅದೇ ಗಂಟು 8.8, ಪೂರ್ಣ ಅಂಕೆಯಲ್ಲಿ ಬರೆದರೆ 9. ಈಗ ಕಣ್ಣಿಗೆ ಬೀಳುತ್ತದೆ. 100 ದಿನಕ್ಕೇ ಇಮ್ಮಡಿ ಆಗುವಂಥದ್ದಾದರೆ ಆರು ತಿಂಗಳಿಗೆ 10.6. ಆಗಲೂ ಅದು ಚಿಕ್ಕದೇ. ಬೇರೆಡೆ ಹರಡಿಲ್ಲದಿದ್ದರೆ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ 3 ಸೆಂ.ಮೀ. ಒಳಗಿನದ್ದು ಮೊದಲ ಹಂತ, ಆಪರೇಷನ್ ಮಾಡಿ ತೆಗೆಯಬಹುದಾದ ಹಂತ. ಇನ್ನು 400 ದಿನದ ನಿಧಾನದ ಗಂಟು ಆರು ತಿಂಗಳಿಗೆ 7.8 ಮಾತ್ರ ಆಗಿರುತ್ತದೆ, ತಪ್ಪಿಸಿಕೊಳ್ಳಬಹುದು. ಎರಡು ವರ್ಷಕ್ಕೆ ಅದೂ 10 ದಾಟುತ್ತದೆ. ಅದಕ್ಕೇ ಎರಡನೇ ಸ್ಕ್ಯಾನು, ಅದಕ್ಕೇ ಎರಡು ವರ್ಷ.

ಆ ಕಾಗದ ನೋಡುತ್ತಾ ನನಗೆ ಅಳು ಬಂತು. ದುಃಖಕ್ಕಲ್ಲ. ಆರು ತಿಂಗಳು ಅನ್ನುವುದು ಯಾರೋ ಕೈ ತೊಳೆದುಕೊಳ್ಳಲು ಹೇಳಿದ ಮಾತಲ್ಲ, ಅದಕ್ಕೊಂದು ಲೆಕ್ಕ ಇದೆ ಅನ್ನುವುದು ಕಣ್ಣೆದುರಿಗೆ ಇತ್ತು. ಈ ಲೆಕ್ಕವನ್ನು ಎಲ್ಲ ರೋಗಿಗಳಿಗೂ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಘನಮೂಲ ಬೇಕಾಗಿಲ್ಲ. ಈಗಲೇ ನೋಡಿದರೆ ಗೊತ್ತಾಗುವುದಿಲ್ಲ, ಆರು ತಿಂಗಳಿಗೆ ಗೊತ್ತಾಗುತ್ತೆ, ಅಷ್ಟರಲ್ಲಿ ಕೈಮೀರಿ ಹೋಗುವ ಸಂಭವ ಬಹಳ ಕಡಿಮೆ ಅಂತ ಮೂರು ಮಾತು ಸಾಕು. ಬರೀ "ಆರು ತಿಂಗಳು ಬಿಟ್ಟು ಬನ್ನಿ" ಅಂದರೆ ಮನುಷ್ಯ ಹೇಗೆ ಕಾಯಬೇಕು?

ಲೆಕ್ಕ ಗೊತ್ತಾದ ಮೇಲೂ ಭಯ ಪೂರ್ತಿ ಹೋಗಲಿಲ್ಲ. ಉಸಿರಿನ ಮೇಲೆ ಗಮನ ಹೋಗಲು ಶುರುವಾಯಿತು. ಬೋರ್ಡಿನ ಮುಂದೆ ನಿಂತು ಪಾಠ ಮಾಡುವಾಗ ಉಸಿರು ಸಾಲುತ್ತಿಲ್ಲ ಅನ್ನಿಸುವುದು. ಬಲ ಪಕ್ಕೆ ಹಿಡಿದಂತೆ ಆಗುವುದು. ಅಷ್ಟು ಚಿಕ್ಕ ಗಂಟು ಏದುಸಿರು ತರಲಾರದು, ಅದು ಗಾಬರಿಯಿಂದ ಬರುವುದು ಅಂತ ಡಾಕ್ಟರು ಹೇಳಿದ್ದರು. ಅದನ್ನು ನೆನಪಿಸಿಕೊಂಡು ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಕೂತುಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತಿತ್ತು. ಅದಕ್ಕೆ ಹೋದ ವರ್ಷದ ಒಂದು ಎಕ್ಸ್‌ರೇ ಬೇರೆ ಕಾಟ ಕೊಟ್ಟಿತು. ಅದರಲ್ಲಿ ಏನೂ ಇಲ್ಲ ಅಂತ ಬರೆದಿತ್ತು. ಹಾಗಾದರೆ ಇದು ಈ ವರ್ಷ ಹೊಸದಾಗಿ ಬಂದದ್ದು ಅಂತ ನೆಂಟರೊಬ್ಬರು ವಾದ ಮಾಡಿದರು. ಅದು ತಪ್ಪು. 7 ಮಿ.ಮೀ. ಗಂಟು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಅದರಲ್ಲೂ ವಪೆಯ ಮರೆಯಲ್ಲಿರುವುದು ಕಾಣುವುದು ದೂರದ ಮಾತು. ಹೋಲಿಸಲು ಬೇಕಾದದ್ದು ಹಳೆಯ ಸಿಟಿ. ಕೋವಿಡ್ ಸಮಯದಲ್ಲಿ ನಮ್ಮೂರಲ್ಲಿ ಎಷ್ಟೋ ಜನ ಎದೆಯ ಸಿಟಿ ಮಾಡಿಸಿದ್ದಾರೆ. ಅದರ ಸಿಡಿ ಇದ್ದರೆ ಎಸೆಯಬೇಡಿ. 2021ರಲ್ಲೂ ಇಷ್ಟೇ ಇತ್ತು ಅಂತ ಗೊತ್ತಾದರೆ ಕೆಲವರಿಗೆ ಈ ಕಾಯುವ ಕಷ್ಟವೇ ತಪ್ಪುತ್ತದೆ. ನಮ್ಮ ಮನೆಯಲ್ಲಿ ಆಗ ಸಿಟಿ ಆದದ್ದು ನಮ್ಮವರಿಗೆ, ನನಗಲ್ಲ.

ಧೈರ್ಯ ಕೊಟ್ಟ ಇನ್ನೊಂದು ಸಂಗತಿ ಇದೆ. ಅಮೆರಿಕದಲ್ಲಿ 53 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಮಾಡಿದ ಒಂದು ದೊಡ್ಡ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಅವರೆಲ್ಲ ವರ್ಷಗಟ್ಟಲೆ ಸಿಗರೇಟು ಸೇದಿದವರು. ಅವರಲ್ಲಿ ಅರ್ಧ ಜನರಿಗೆ ಕಡಿಮೆ ವಿಕಿರಣದ ಸಿಟಿ ಮಾಡಿದರು. ಅನುಮಾನ ಅಂತ ಬಂದ ಸ್ಕ್ಯಾನ್‌ಗಳಲ್ಲಿ ನೂರಕ್ಕೆ 96 ಕ್ಯಾನ್ಸರ್ ಆಗಿರಲಿಲ್ಲ. ಸೇದುವವರಲ್ಲೇ ಹೀಗೆ ಅಂದರೆ ನನ್ನಂಥವಳು ಅಷ್ಟು ಹೆದರಬೇಕಾ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಅತ್ತೆಗೆ ವಿಷಯ ಗೊತ್ತಾಗಿದ್ದು ನವೆಂಬರ್‌ನಲ್ಲಿ. ಹಾಸನಾಂಬೆಯ ಬಾಗಿಲು ತೆರೆದಿದ್ದರು. ವರ್ಷಕ್ಕೊಂದು ಸಲ ದೀಪಾವಳಿ ಸಮಯದಲ್ಲಿ ಮಾತ್ರ ತೆರೆಯುವ ಗುಡಿ. ಊರೆಲ್ಲ ಜನ. ಸಾಲಿನಲ್ಲಿ ನಿಂತಿದ್ದಾಗ ಅತ್ತೆ ನನ್ನ ಮುಖ ನೋಡಿ, "ಅದೇನ್ ಮುಚ್ಚಿಡ್ತಿದೀಯವ್ವ? ಮಳೆಗಾಲದಿಂದ ನೋಡ್ತಾ ಇದೀನಿ" ಅಂದರು. ಆ ಗದ್ದಲದಲ್ಲೇ ಹೇಳಿಬಿಟ್ಟೆ. ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅಳಲಿಲ್ಲ. "ನಿಮ್ಮ ಮಾವಂಗೂ ಇತ್ತಲ್ಲವ್ವ ಎದೇಲಿ ಕಲೆ. ಸೂಜಿ, ಮಾತ್ರೆ ಎಲ್ಲಾ ಮುಗಿದ್ ಮೇಲೂ ಫೋಟೋದಲ್ಲಿ ಕಾಣ್ತಿತ್ತು. ಅದನ್ನ ಇಟ್ಕಂಡೇ ಎಷ್ಟು ವರ್ಷ ಹೊಲ ಉತ್ರು" ಅಂದರು. ಡಾಕ್ಟರು ತೆರೆಯ ಮೇಲೆ ತೋರಿಸಿ ಹೇಳಿದ್ದನ್ನೇ ಅವರು ತಮ್ಮ ಗಂಡನ ಎದೆಯಲ್ಲಿ ನೋಡಿದ್ದರು. ಅವತ್ತಿನಿಂದ ಮನೆಯಲ್ಲಿ ಪಿಸುಮಾತು ನಿಂತಿತು. ಮುಚ್ಚಿಡುವುದಕ್ಕೇ ನನ್ನ ಅರ್ಧ ಶಕ್ತಿ ಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

2024ರ ಜನವರಿ ಕೊನೆಗೆ ಎರಡನೇ ಸ್ಕ್ಯಾನ್. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ ನಡೆಯುತ್ತಿದ್ದ ಸಮಯ. ಅದೇ ಸ್ಕ್ಯಾನ್ ಸೆಂಟರ್, ಅದೇ ಯಂತ್ರ, 1 ಮಿ.ಮೀ. ಪದರವೇ ಬೇಕು ಅಂತ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಹೋಲಿಸುವಾಗ ಎರಡೂ ಒಂದೇ ಥರ ಇರಬೇಕಲ್ಲ. ಹಳೆಯ ಸಿಡಿಯನ್ನೂ ಜೊತೆಗೆ ಕೊಟ್ಟು, ಹೋಲಿಸಿ ಬರೆಯಿರಿ ಅಂತ ಕೇಳಿಕೊಂಡೆವು. ಈ ಸಲ ಕಡಿಮೆ ವಿಕಿರಣದ ಸಿಟಿ. ಸುಮಾರು 1.5 ಮಿಲಿಸೀವರ್ಟ್ (ವಿಕಿರಣ ಅಳೆಯುವ ಮಾನ). ಏನೂ ಮಾಡದೆ ಭೂಮಿ ಮೇಲೆ ಒಂದು ವರ್ಷ ಬದುಕಿದರೆ ನೆಲ, ಆಕಾಶ, ಗಾಳಿಯಿಂದ ಸರಾಸರಿ 2.4 ಬರುತ್ತದೆ.

ಸ್ಕ್ಯಾನ್ ಆಗಿ ರಿಪೋರ್ಟ್ ಬರುವ ತನಕದ ಹೊತ್ತು ಇದೆಯಲ್ಲ, ಅದು ಆರು ತಿಂಗಳಿಗಿಂತ ಕಷ್ಟ. ನಮ್ಮವರು ಮಹಾರಾಜ ಪಾರ್ಕಿನಲ್ಲಿ ಕೂರೋಣ ಬಾ ಅಂದರು. ಕೂತೆವು. ಏನೂ ಮಾತಾಡಲಿಲ್ಲ. ಸಂಜೆ ಕವರ್ ತೆಗೆದುಕೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಾಕಿದರು. ಆಗ 7, ಈಗ 7. ಅಂಚು ಹಾಗೇ ನಯವಾಗಿದೆ. "ಚೆನ್ನಾಗಿದೆ ಮೇಡಂ. ಪೂರ್ತಿ ಬಿಟ್ಟುಬಿಡೋಕೆ ಇನ್ನೊಂದು ಬೇಕು" ಅಂದರು. ಈ ಸಲ ಯಾಕೆ ಅಂತ ಕೇಳಲಿಲ್ಲ. 400 ದಿನದ ಲೆಕ್ಕ ನನ್ನ ಹತ್ತಿರವೇ ಇತ್ತು.

ಮೂರನೆಯದು ಎರಡು ವರ್ಷ ತುಂಬಿದಾಗ, 2025ರ ಜುಲೈನಲ್ಲಿ. ಅದರ ಬಗ್ಗೆ ಹೇಳಲು ಹೆಚ್ಚಿಲ್ಲ. ಬದಲಾವಣೆ ಇಲ್ಲ. ಗಟ್ಟಿ ಗಂಟು ಎರಡು ವರ್ಷ ಹಾಗೇ ಉಳಿದರೆ ಅದನ್ನು ನಿರಪಾಯ ಅಂತ ಬಿಡುತ್ತಾರೆ. ಇನ್ನು ಸಿಟಿ ಬೇಡ, ಧೈರ್ಯಕ್ಕೆ ಅಂತ ಸುಮ್ನೆ ಮಾಡಿಸಿಕೊಳ್ಳಲೂ ಬೇಡಿ ಅಂದರು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು, ಕಫದಲ್ಲಿ ರಕ್ತ, ಕಾರಣ ಇಲ್ಲದೆ ತೂಕ ಇಳಿಯುವುದು, ಇವು ಕಂಡರೆ ಮಾತ್ರ ಯಾವ ತಾರೀಖಿಗೂ ಕಾಯದೆ ಬನ್ನಿ ಅಂದರು. ಬಚ್ಚಲ ಒಲೆಯನ್ನು ಅಷ್ಟರಲ್ಲಿ ತೆಗೆಸಿ ಸೋಲಾರ್ ಹಾಕಿಸಿದ್ದೆವು. ಗಂಟಿಗೆ ಅದೇ ಕಾರಣ ಅಂತ ಯಾರೂ ಹೇಳಲಿಲ್ಲ. ಆದರೂ ಹೊಗೆ ಎದೆಗೆ ಒಳ್ಳೆಯದಲ್ಲವಲ್ಲ.

ಈಗ ಚಿಕ್ಕಮಗಳೂರಿನ ನನ್ನ ಗೆಳತಿಯೊಬ್ಬಳಿಗೆ ಗಂಟು ಸಿಕ್ಕಿದೆ. ಅವಳದು ನನ್ನ ಥರದ್ದಲ್ಲ. ಗಟ್ಟಿ ಇಲ್ಲ, ಮಂಜು ಕವಿದ ಹಾಗೆ ಮಸುಕಾಗಿ ಕಾಣುವಂಥದ್ದು, 8 ಮಿ.ಮೀ. ಅಂಥವು ಬೆಳೆದರೂ ತುಂಬಾ ನಿಧಾನ. ಅದಕ್ಕೆ ಎರಡು ವರ್ಷ ಸಾಲದು, 5 ವರ್ಷದವರೆಗೆ ನೋಡಬೇಕು. ಮೊದಲ ದಿನ ಫೋನ್ ಮಾಡಿ, "ಐದು ವರ್ಷ ಹೇಗೆ ಕಾಯಲಿ ಕಣೇ" ಅಂತ ಅತ್ತಳು. ಎಷ್ಟು ಮಿ.ಮೀ., ಗಟ್ಟಿಯೋ ಮಸುಕೋ, ಅಂಚು ಹೇಗಿದೆ, ಸುಣ್ಣ ಇದೆಯಾ, ಹಿಂದೆ ಯಾವಾಗಲಾದರೂ ಎದೆಯ ಸಿಟಿ ಆಗಿತ್ತಾ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳು ಅಂದೆ. ಕೇಳಿಕೊಂಡು ಬಂದಳು. ಅವಳ ಮುಂದಿನ ಸ್ಕ್ಯಾನ್ ಫೆಬ್ರವರಿಗೆ. ಆ ದಿನಕ್ಕೆ ನಾನು ರಜೆ ಬರೆದುಕೊಟ್ಟಿದ್ದೇನೆ. ಬೇಲೂರು ಮೇಲೆ ಬೆಳಿಗ್ಗೆಯ ಬಸ್ಸಿಗೆ ಹೋಗಿ, ರಿಪೋರ್ಟ್ ಕೈಗೆ ಬರುವ ತನಕ ಅವಳ ಜೊತೆ ಕೂತಿರುತ್ತೇನೆ.